19ನೇ ಗೇಟಿನ ಹತ್ತಿರ ನಿಂತವರು

ಸಾಹಸದ ರಿಯಾಲಿಟಿ ಶೋಗಳನ್ನು ಜನ ಯಾಕೆ ಮುಗಿಬಿದ್ದು ನೋಡುತ್ತಾರೆ ಅಂತ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ‘ಅದೆಲ್ಲ ಬರೀ ನಾಟಕ’ ಅನ್ನುವ ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ. 2008ರಲ್ಲಿ ಹಿಂದಿಯ ಸಾಹಸದ ಶೋ ‘ಖತ್ರೋಂ ಕೆ ಖಿಲಾಡಿ’ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ನೋಡುತ್ತಿದ್ದೇವೆ. ಸೊಂಟಕ್ಕೆ ಹಗ್ಗ ಕಟ್ಟಿರುತ್ತಾರೆ, ನಿಜ. ಆದರೂ ಅಷ್ಟು ಎತ್ತರದಲ್ಲಿ ಕಾಲು ನಡುಗುವುದು ಸುಳ್ಳಲ್ಲ. ಅದನ್ನು ನೋಡಿದರೆ ನಮ್ಮ ಎದೆಯೂ ಡವಡವ ಅನ್ನುತ್ತದೆ, ಅಲ್ವಾ?

ಈ ಶೋ ನೋಡಿ ನೋಡಿಯೇ ಸುತ್ತಲಿನವರ ಧೈರ್ಯ ನನ್ನ ಕಣ್ಣಿಗೆ ಬೀಳತೊಡಗಿತು. ನಮ್ಮ ಓಣಿಗೆ ಬರುವ ಲೈನ್‌ಮನ್ ಮಳೆ ನಿಂತ ಕೂಡಲೇ ಕಂಬ ಹತ್ತುತ್ತಾರೆ. ಹತ್ತುವ ಮುಂಚೆ ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. ‘ಇಪ್ಪತ್ತು ವರ್ಷ ಆಯ್ತು, ಅಂಗೈ ಬೆವರೋದು ಮಾತ್ರ ನಿಂತಿಲ್ಲ’ ಅಂದಿದ್ದರು ಒಮ್ಮೆ.

ನಾವು ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಕಡೆಯವರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಕೊಂಡು ಹೋಯಿತು. ಒಂದೇ ವಾರದಲ್ಲಿ, ಹರಿಯುವ ನೀರಿನಲ್ಲೇ, ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಕಬ್ಬಿಣದ ತಡೆ, ಇಳಿಸಿದರು. ಮುಂದೆ ನಿಂತು ಮಾಡಿಸಿದ ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಭೋರ್ಗರೆಯುವ ನೀರಿನ ಮೇಲೆ ಆ ಭಾರದ ಕಬ್ಬಿಣವನ್ನು ಸರಿಯಾದ ಜಾಗಕ್ಕೆ ಕೂರಿಸಿದ ಕೆಲಸಗಾರರು? ಅವರಿಗೆ ಇನ್ನೊಂದು ಟೇಕ್ ಇರಲಿಲ್ಲ. ಡ್ಯಾಮಿನಲ್ಲಿ ನೀರು ಉಳಿಯಿತು. ನಮ್ಮ ಕಡೆಯ ಭತ್ತದ ರೈತರಿಗೆ ಹೋದ ಜೀವ ಬಂದಂತಾಯಿತು.

ಆ ಕೆಲಸಗಾರರಲ್ಲಿ ಒಬ್ಬರನ್ನಾದರೂ ಮಾತಾಡಿಸಿ ಬರೆಯಿರಿ ಸರ್. ನಮ್ಮ ಮಕ್ಕಳಿಗೆ ಓದಿ ಹೇಳುತ್ತೇನೆ.