ಹೆಂಗಸರಿಗೆ ಅಂತಲೇ ಒಂದು ಪುಟ್ಟ ರಿವಾಲ್ವರ್!

ತಲೆ ಕೆಟ್ಟು ಹೋಗಿದೆ. ಬರೆದು ಬಿಸಾಕಿದರೆ ಸ್ವಲ್ಪ ಹಗುರಾದೀತು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ವ್ಯವಧಾನ ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ನನಗೇನೂ ಬೇಜಾರಿಲ್ಲ.

ನಿನ್ನೆ ಗೆಳತಿಯೊಬ್ಬಳ ಜೊತೆ ಇಲ್ಲೇ ಡಲ್ಲಾಸ್ ಹತ್ತಿರ ಒಂದು ಗನ್ ಅಂಗಡಿಗೆ ಹೋಗಿದ್ದೆ. ಒಂಟಿಯಾಗಿರುವವಳು. ಔಷಧಿ ಅಂಗಡಿಯಲ್ಲಿ ರಾತ್ರಿ ಪಾಳಿ. ಈಚೆಗಷ್ಟೇ ಗ್ರೀನ್ ಕಾರ್ಡ್ ಬಂದಿದೆ, ಅದರ ಜೊತೆಗೆ ಗನ್ ಕೊಳ್ಳುವ ಹಕ್ಕೂ. (ಎಚ್-1ಬಿ ವೀಸಾ ಮೇಲಿರುವ ತಮ್ಮಂದಿರಾ, ನೀವು ಆಸೆಪಡಬೇಡಿ. ಬೇಟೆ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ ನಿಮ್ಮ ಕೈಯಲ್ಲಿ ಗನ್ ಇರುವುದೇ ಫೆಡರಲ್ ಅಪರಾಧ.) ಕೌಂಟರಿನ ಹಿಂದಿದ್ದ ಮಹಾಶಯ ಅವಳನ್ನು ಒಂದು ಮಾತೂ ಕೇಳಲಿಲ್ಲ. ಹಿಂದೆ ಯಾವತ್ತಾದರೂ ಗುಂಡು ಹೊಡೆದಿದ್ದೀಯಾ, ಮೈಮೇಲೆ ಇಟ್ಟುಕೊಳ್ಳೋಕಾ ಮನೆಗಾ, ಅಂಗೈ ಎಷ್ಟು ದೊಡ್ಡದು, ಏನೂ ಇಲ್ಲ. ಒಮ್ಮೆ ಮುಖ ನೋಡಿದ, ಗಾಜಿನ ಪೆಟ್ಟಿಗೆ ತೆಗೆದ, ನೇರಳೆ ಬಣ್ಣದ ಒಂದು ಗಿಡ್ಡ ರಿವಾಲ್ವರ್ ತಂದು ಮುಂದಿಟ್ಟ. "ಲೇಡೀಸಿಗೆ ಇದೇ ಬೆಸ್ಟ್. ಹಗುರ, ಸಿಂಪಲ್." ಪಕ್ಕದಲ್ಲೇ ಮೀಸೆ ಚಿಗುರದ ಹುಡುಗನೊಬ್ಬನಿಗೆ ಮಾತ್ರ ಮೂರು ಪಿಸ್ತೂಲು ಸಾಲಾಗಿ ಇಟ್ಟು ಹಿಡಿ ಕೂರುತ್ತಾ ಅಂತ ಉಪಚಾರ ನಡೀತಿತ್ತು.

ನಾನು ಸಕಲೇಶಪುರದ ತೋಟದವಳು ಅನ್ನೋದು ನಿಮಗೆಲ್ಲ ಗೊತ್ತು. ಅಪ್ಪನ ಜೋಡುನಳಿಗೆ ಕೋವಿ ಹಿಡಿದು ಭುಜ ನೀಲಿಗಟ್ಟಿಸಿಕೊಂಡು ಬೆಳೆದವಳು. ಹಗುರವಾದ ಕೋವಿ ಜಾಸ್ತಿ ಒದೆಯುತ್ತೆ ಅನ್ನೋದು ಕೋವಿ ಇರುವ ಮನೆಯ ಹತ್ತು ವರ್ಷದ ಮಗುವಿಗೂ ಗೊತ್ತಿರುವ ವಿಷಯ. ಟೆಕ್ಸಾಸಿನಲ್ಲಿ ಗನ್ ಮಾರಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ಗೊತ್ತಿಲ್ಲವಾ? ಗೊತ್ತು. ಎದುರಿಗೆ ನಿಂತದ್ದು ಹೆಂಗಸು ಅಂದ ತಕ್ಷಣ ಮರೆತುಹೋಗುತ್ತೆ, ಅಷ್ಟೆ.

ಲೆಕ್ಕ ಸರಳ. ಈ ಜಾತಿಯ ರಿವಾಲ್ವರುಗಳಲ್ಲಿ ಹೆಸರುವಾಸಿಯಾದದ್ದು ಸ್ಮಿತ್ ಅಂಡ್ ವೆಸ್ಸನ್ 642. ತೂಕ ಸುಮಾರು 400 ಗ್ರಾಂ, ನಳಿಗೆ ಎರಡಿಂಚಿಗಿಂತ ಚೂರು ಕಮ್ಮಿ, ಐದೇ ಗುಂಡು. ಟ್ರಿಗರ್ ಎಳೆಯೋಕೆ ಬೇಕಾದ ಬಲ ಹೆಚ್ಚುಕಮ್ಮಿ 12 ಪೌಂಡು, ಅಂದರೆ ಐದು ಕೇಜಿಗೂ ಮೇಲೆ. ನಾನೂರು ಗ್ರಾಮಿನ ವಸ್ತುವನ್ನು ಮುಂದೆ ಹಿಡಿದು ಒಂದೇ ಬೆರಳಿನಿಂದ ಐದು ಕೇಜಿ ಬಲ ಹಾಕಿ ಎಳೆದರೆ ಏನಾಗುತ್ತೆ? ಗುಂಡು ಹಾರುವ ಮೊದಲೇ ನಳಿಗೆ ಪಕ್ಕಕ್ಕೆ ವಾಲುತ್ತೆ. ಗುರಿ ನೋಡೋಕೆ ಗನ್ನಿನ ಮೇಲೆ ಹಿಂದೊಂದು ಮುಂದೊಂದು ಇರುವ ಗುರುತುಗಳ ನಡುವಿನ ದೂರವೂ ತೀರಾ ಕಮ್ಮಿ, ಹಾಗಾಗಿ ಕೂದಲೆಳೆ ತಪ್ಪಿದರೂ ಅತ್ತ ಕಡೆ ಅಂಗೈಯಗಲ ತಪ್ಪುತ್ತೆ. ಇದೆಲ್ಲ ಆದಮೇಲೆ .38 ಸ್ಪೆಶಲ್ ಗುಂಡಿನ ಒದೆತ. ಅದನ್ನು ಹೀರಿಕೊಳ್ಳೋಕೆ ಗನ್ನಿನಲ್ಲಿ ತೂಕವೇ ಇಲ್ಲ, ಪೂರ್ತಿ ಹೆಬ್ಬೆರಳ ಬುಡಕ್ಕೇ ಬಡಿಯುತ್ತೆ. ಹೊಸಬರು ಎರಡನೇ ಗುಂಡಿಗೇ ಕಣ್ಣು ಮುಚ್ಚಿಕೊಳ್ಳೋಕೆ ಶುರು ಮಾಡುತ್ತಾರೆ. ಐದು ಮುಗಿಸಿ ಕೆಳಗಿಡುತ್ತಾರೆ, ಮತ್ತೆ ಮುಟ್ಟುವುದಿಲ್ಲ. ಅಭ್ಯಾಸ ಇರುವವರ ಕೈಗೆ ಮಾತ್ರ ಒಲಿಯುವ ಗನ್ನನ್ನು ಮೊದಲ ಸಲ ಮುಟ್ಟುವವಳಿಗೆ ಕೊಡುವುದು, ಸೈಕಲ್ಲೂ ಬಾರದವಳಿಗೆ ಸರ್ಕಸ್ಸಿನ ಒಂಟಿಚಕ್ರ ಕೊಟ್ಟ ಹಾಗೆ. ಒಂದು ಚಕ್ರ ಕಮ್ಮಿ ಇದೆಯಲ್ಲ, ಸಿಂಪಲ್ ತಾನೆ!

ಪಕ್ಕದ ಹುಡುಗನ ಮುಂದಿದ್ದ ಪಿಸ್ತೂಲುಗಳಲ್ಲಿ ಒಂದು ಗ್ಲಾಕ್ 19. ಹಿಡಿಯೊಳಗೆ ತೂರಿಸುವ ಮ್ಯಾಗಜಿನ್ನಿನಲ್ಲಿ 15 ಗುಂಡು, ಟ್ರಿಗರ್ ಎಳೆತ ಆ ರಿವಾಲ್ವರಿನ ಅರ್ಧದಷ್ಟು. ಅದು ದಪ್ಪ ಆಯಿತು, ಬಟ್ಟೆಯೊಳಗೆ ಕೂರಲ್ಲ ಅಂತೀರಾ, 2018ರಲ್ಲಿ ಬಂದ ಸಿಗ್ ಪಿ365 ಇದೆ. ಹತ್ತು ಗುಂಡು, ತೂಕ ಸುಮಾರು 500 ಗ್ರಾಂ, ಚಪ್ಪಟೆ. ರಿವಾಲ್ವರಿನ ಗುಂಡು ತುಂಬುವ ಉರುಳೆಯಂತೆ ಸೊಂಟದಲ್ಲಿ ಉಬ್ಬುವುದೂ ಇಲ್ಲ. ಅಮೆರಿಕದ ಪೊಲೀಸರು ತಲೆಮಾರುಗಟ್ಟಲೆ ರಿವಾಲ್ವರ್ ಕಟ್ಟಿಕೊಂಡು ಓಡಾಡಿದವರು. 1986ರ ಏಪ್ರಿಲಿನಲ್ಲಿ ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಎದುರು ಎಫ್‌ಬಿಐನ ಇಬ್ಬರು ಸತ್ತು ಐವರು ಗಾಯಗೊಂಡಮೇಲೆ ಪಿಸ್ತೂಲಿನ ಕಡೆ ತಿರುಗಿದರು. ತರಬೇತಿ ಪಡೆದ ಗಂಡಸರಿಗೆ ಸಾಲದಾದದ್ದು ನನ್ನ ಗೆಳತಿಗೆ "ಬೆಸ್ಟ್". ವಾಹ್.

ಇದು ಇಲ್ಲಿನ ಬಿಳಿಯರ ರೋಗ ಅಂದುಕೊಳ್ಳಬೇಡಿ. 2014ರ ಜನವರಿ ನೆನಪಿದೆಯಾ? ದೆಹಲಿಯ ಆ ಹುಡುಗಿ, ನಿರ್ಭಯಾ, ಸತ್ತು ವರ್ಷ ಕಳೆದಿತ್ತು. ಕಾನ್ಪುರದ ಆರ್ಡ್‌ನೆನ್ಸ್ ಫ್ಯಾಕ್ಟರಿ ಹೆಂಗಸರಿಗೋಸ್ಕರ ಅಂತ ನಿರ್ಭೀಕ್ ಬಿಡುಗಡೆ ಮಾಡಿತು. .32 ರಿವಾಲ್ವರ್, ಟೈಟಾನಿಯಂ ಮಿಶ್ರಲೋಹ, 500 ಗ್ರಾಂ, ಬೆಲೆ 1,22,360 ರೂಪಾಯಿ. ಒಡವೆ ಪೆಟ್ಟಿಗೆ ಥರದ ಮೆರೂನ್ ಡಬ್ಬಿ ಬೇರೆ! ಬಸ್ಸಿನಲ್ಲಿ ಓಡಾಡುವ ಯಾವ ಹುಡುಗಿಯ ಹತ್ತಿರ ಅಷ್ಟು ದುಡ್ಡಿತ್ತು, ಯಾವ ಜಿಲ್ಲಾಧಿಕಾರಿ ಅವಳಿಗೆ ಲೈಸೆನ್ಸ್ ಕೊಡುತ್ತಿದ್ದ, ಹೇಳಿ. ಪರ್ಸಿನಲ್ಲಿ ಹಿಡಿಯುತ್ತೆ ಅಂದರು, ಚಪ್ಪಾಳೆ ಬಿತ್ತು. ಸ್ಮಿತ್ ಅಂಡ್ ವೆಸ್ಸನ್ನಿನವರು 1902ರಲ್ಲೇ ಲೇಡಿಸ್ಮಿತ್ ಅಂತ ಅಂಗೈಯೊಳಗಿನ .22 ರಿವಾಲ್ವರ್ ಮಾಡಿದ್ದರು. ನೂರಿಪ್ಪತ್ತು ವರ್ಷ ಕಳೆದರೂ ಇವರ ತಲೆಯಲ್ಲಿ ಹೆಂಗಸು ಅಂದರೆ ಪುಟ್ಟದು.

"ರಿವಾಲ್ವರ್ ಜಾಮ್ ಆಗಲ್ಲ ಮೇಡಂ." ಗೊತ್ತು, ಕಾಮೆಂಟಿನಲ್ಲಿ ಇದನ್ನೇ ಟೈಪ್ ಮಾಡೋಕೆ ಕೂತಿದ್ದೀರಿ. ಒಂದು ಗುಂಡು ಹಾರದಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತೆ, ನಿಜ. ಕೋಟಿನ ಜೇಬಿನೊಳಗಿಂದಲೇ ಹೊಡೆಯಬಹುದು, ಅದೂ ನಿಜ. ಪಿಸ್ತೂಲಿನ ಸ್ಲೈಡು (ಮೊದಲ ಗುಂಡು ಕೂರಿಸೋಕೆ ಕೈಯಿಂದ ಎಳೆಯುವ, ಆಮೇಲೆ ಪ್ರತಿ ಹೊಡೆತಕ್ಕೂ ತಾನೇ ಹಿಂದೆಮುಂದೆ ಸರಿಯುವ ಮೇಲ್ಭಾಗ) ಬಟ್ಟೆಗೆ ಸಿಕ್ಕಿಕೊಳ್ಳುತ್ತೆ, ಹಿಡಿತ ಸಡಿಲವಾದರೆ ಖಾಲಿ ತೋಟಾ ಬಾಗಿಲಲ್ಲೇ ನಿಂತುಬಿಡುತ್ತೆ. ಆದರೆ ಅದನ್ನು ಸರಿಪಡಿಸೋದು ಒಂದು ಮಧ್ಯಾಹ್ನದಲ್ಲಿ ಕಲಿಯುವ ವಿದ್ಯೆ. ಮ್ಯಾಗಜಿನ್ ಕೆಳಗೊಂದು ಏಟು, ಸ್ಲೈಡು ಹಿಂದಕ್ಕೆ, ಮುಗೀತು. ರಿವಾಲ್ವರ್ ಕಚ್ಚಿಕೊಂಡಿತೋ, ರಿಪೇರಿಯವನ ಮನೆ ಹುಡುಕಬೇಕು.

ಇನ್ನೊಂದು ಮಾತು ಬಂದೇ ಬರುತ್ತೆ: "ಹೆಂಗಸರಿಗೆ ಸ್ಲೈಡು ಎಳೆಯೋಕೆ ಶಕ್ತಿ ಸಾಲಲ್ಲ." ಇದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿ. ಸ್ಲೈಡನ್ನು ಬೆರಳ ತುದಿಯಿಂದ ಚಿವುಟಿ ಎಳೆಯೋದಲ್ಲ ಸ್ವಾಮಿ. ಗನ್ನನ್ನು ಎದೆ ಹತ್ತಿರ ತಂದು, ಒಂದು ಕೈಯಲ್ಲಿ ಸ್ಲೈಡನ್ನು ಮುಷ್ಟಿಗಟ್ಟಿ ಹಿಡಿದು ಇನ್ನೊಂದರಿಂದ ಹಿಡಿಯನ್ನು ಮುಂದಕ್ಕೆ ನೂಕೋದು. ಎರಡು ತೋಳು, ಭುಜ, ಬೆನ್ನು ಎಲ್ಲ ಸೇರಿ ಮಾಡುವ ಕೆಲಸ. ದಿನಾ ಚಪಾತಿ ಹಿಟ್ಟು ನಾದುವ ಕೈಗಳ ಬಗ್ಗೆ ಮಾತಾಡುತ್ತಿದ್ದೀರಿ, ನೆನಪಿರಲಿ. ಆ ಐದು ಕೇಜಿ ಟ್ರಿಗರನ್ನು ಎಳೆಯಬೇಕಾದದ್ದು ಒಂದೇ ಒಂದು ತೋರುಬೆರಳು! ಸಂಧಿವಾತದ ನಮ್ಮತ್ತೆಗೆ ಸ್ಲೈಡು ಕಷ್ಟ, ಒಪ್ಪಿದೆ, ಆದರೆ ಆ ಟ್ರಿಗರಂತೂ ಅವರ ಕೈಲಿ ಅಲ್ಲಾಡಲೂ ಇಲ್ಲ. ಸುಲಭವಾಗಿ ಸ್ಲೈಡು ಎಳೆಯೋಕೆ ಬರುವ ಸ್ಮಿತ್ ಅಂಡ್ ವೆಸ್ಸನ್ ಶೀಲ್ಡ್ ಈಜೀಯಂಥ (EZ) ಪಿಸ್ತೂಲು ಬಂದು ವರ್ಷಗಳೇ ಆದವು.

ನಾನು ರಿವಾಲ್ವರ್ ವಿರೋಧಿಯಲ್ಲ. ಮನೆಯಲ್ಲೇ ಇಡೋದಾದರೆ, ಸೊಂಟದ ಮೇಲೆ ಹೊರುವ ತಾಪತ್ರಯ ಇಲ್ಲದಿದ್ದರೆ, ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 10 ಥರದ ಉಕ್ಕಿನ ರಿವಾಲ್ವರ್ ಎಷ್ಟು ಚೆಂದ! ನಾಲ್ಕಿಂಚು ನಳಿಗೆ, ಆರು ಗುಂಡು, ಹತ್ತಿರ ಹತ್ತಿರ ಒಂದು ಕೇಜಿ ತೂಕ. ಅದೇ .38 ಗುಂಡು ಅದರಲ್ಲಿ ಸಾಧುಪ್ರಾಣಿ. ಆದರೆ ಅದನ್ನು ಹೆಂಗಸರ ಮುಂದೆ ಯಾರೂ ಇಡಲ್ಲ. ಭಾರ ಅಲ್ಲವಾ! ಮಕ್ಕಳನ್ನು ಸೊಂಟದ ಮೇಲೆ ಹೊತ್ತು ದಿನಸಿ ಚೀಲ ಹಿಡಿದು ಮಹಡಿ ಹತ್ತುವವರಿಗೆ ಒಂದು ಕೇಜಿ ಭಾರ.

ಆಮೇಲೆ ಆತ ಪರ್ಸೂ ತೋರಿಸಿದ. ಗನ್ ಇಡೋಕೆ ಗುಪ್ತ ಜೇಬಿರುವ, ಗುಲಾಬಿ ಹೊಲಿಗೆಯ ಪರ್ಸು. ಅಲ್ಲಿಗೆ ನನ್ನ ಸಹನೆ ಮುಗಿಯಿತು. 2014ರ ಡಿಸೆಂಬರಿನಲ್ಲಿ ಐಡಾಹೊದ ಹೇಡನ್ ಊರಿನಲ್ಲಿ, ಅಂಗಡಿಯೊಳಗೆ, ಎರಡು ವರ್ಷದ ಮಗು ತಾಯಿಯ ಅಂಥದೇ ಪರ್ಸಿಗೆ ಕೈಹಾಕಿ ತಾಯಿಯನ್ನೇ ಕೊಂದಿತು. ಪರ್ಸು ಕಸಿಯೋಕೆ ಬಂದವನಿಗೆ ಗನ್ನನ್ನೂ ಒಪ್ಪಿಸುವ ಏರ್ಪಾಡು ಅದು. ಗನ್ ಮೈಮೇಲಿರಬೇಕು, ಇಲ್ಲವೇ ಬೀಗದಲ್ಲಿರಬೇಕು. ಗುಂಡು ತುಂಬಿದ ಗನ್ನನ್ನು ಅಜಾಗರೂಕತೆಯಿಂದ ಬಿಟ್ಟು ಅದು 17 ತುಂಬದ ಮಕ್ಕಳ ಕೈಗೆ ಸಿಕ್ಕರೆ ಟೆಕ್ಸಾಸಿನಲ್ಲೂ ಅದು ಅಪರಾಧ. 2021ರ ಸೆಪ್ಟೆಂಬರಿನಿಂದ ಪರ್ಮಿಟ್ ಇಲ್ಲದೆಯೇ ಹೊತ್ತು ತಿರುಗಬಹುದು ಅಂತ ಮಾಡಿದ ಇದೇ ರಾಜ್ಯದಲ್ಲೂ.

ಈಗ ಕೆಲವರು "ನೀನು ಗನ್ ಇಟ್ಟುಕೊಂಡಿದ್ದೀಯಾ? ನೀನಾ?" ಅಂತ ಹುಬ್ಬೇರಿಸುತ್ತೀರಿ. ಹೌದು, ನಾನೇ. ಗನ್ ಕಾನೂನು ಬಿಗಿ ಮಾಡಿ ಅನ್ನುವವರಿಗೇ ಪ್ರತಿ ಸಲ ವೋಟು ಹಾಕುವ ನಾನೇ. ಈ ದೇಶದಲ್ಲಿ ಗುಂಡಿಗೆ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆತ್ಮಹತ್ಯೆ ಮಾಡಿಕೊಂಡವರು ಅನ್ನೋದೂ ನನಗೆ ಗೊತ್ತು. ಮನಸ್ಸು ಸರಿಯಿಲ್ಲದ ಒಂದು ಚಳಿಗಾಲ ಪೂರ್ತಿ ನನ್ನ ಗನ್ ಗೆಳತಿಯ ಮನೆಯ ಬೀಗದಲ್ಲಿತ್ತು. ಇದನ್ನು ಇಲ್ಲಿ ಬರೀಬೇಕು ಅಂತ ಕೂತಿರಲಿಲ್ಲ, ಬಂದುಬಿಟ್ಟಿತು, ಇರಲಿ. ಆದರೆ 2011ರಿಂದ 2014ರವರೆಗೆ ಭಾರತೀಯರ, ಏಷ್ಯಾದವರ ಮನೆಗಳನ್ನೇ ಆರಿಸಿ ಚಿನ್ನಕ್ಕೋಸ್ಕರ ನುಗ್ಗಿದ ತಂಡ ಟೆಕ್ಸಾಸಿಗೂ ಬಂದಿತ್ತು. ಮಕ್ಕಳಿದ್ದ ಮನೆಗಳಿಗೂ. ಅಮ್ಮ ಕೊಟ್ಟ ಅವಲಕ್ಕಿ ಸರ ಮನೆಯಲ್ಲಿಟ್ಟುಕೊಂಡು ಮಲಗುವವಳಿಗೆ ಸಿದ್ಧಾಂತ ಒಂದೇ ಸಾಲದು.

ಗೆಳತಿ ನಿನ್ನೆ ಏನೂ ಕೊಳ್ಳಲಿಲ್ಲ. ಇನ್‌ಬಾಕ್ಸಿಗೆ ಬಂದು "ಯಾವುದು ತಗೊಳ್ಳಲಿ" ಅಂತ ಕೇಳುವವರಿಗೂ ನನ್ನ ಉತ್ತರ ಅದೇ: ಇನ್ನೂ ತಗೋಬೇಡಿ. ಬಾಡಿಗೆಗೆ ಗನ್ ಕೊಡುವ ರೇಂಜುಗಳು, ಅಂದರೆ ಗುರಿ ಅಭ್ಯಾಸದ ಜಾಗಗಳು, ಇವೆ. ಒಂದು ಪುಟ್ಟ ರಿವಾಲ್ವರ್, ಒಂದು ಮಧ್ಯಮ ಗಾತ್ರದ ಪಿಸ್ತೂಲು, ಎರಡಕ್ಕೂ ಐವತ್ತೈವತ್ತು ಗುಂಡು, ಏಳು ಗಜ ದೂರದಲ್ಲಿ ಕಾಗದ. ಯಾವ ಕಾಗದದಲ್ಲಿ ತೂತುಗಳು ಒಟ್ಟಿಗಿವೆ ಅಂತ ನೀವೇ ನೋಡಿ, ಅಂಗಡಿಯವನನ್ನು ಕೇಳಬೇಡಿ. ಬರುವ ಶನಿವಾರ ನಾವು ಹೋಗುತ್ತಿದ್ದೇವೆ, ಕಾರಿನಲ್ಲಿ ಇನ್ನಿಬ್ಬರಿಗೆ ಜಾಗ ಇದೆ. ಕಿವಿಗೆ ಹಾಕೋದು ನನ್ನ ಹತ್ತಿರ ಇದೆ. ಗಂಡಂದಿರನ್ನು ಕರಕೊಂಡು ಬರಬೇಡಿ, ಅಲ್ಲಿ ಸಲಹೆ ಕೊಡುವವರು ಈಗಾಗಲೇ ಜಾಸ್ತಿ ಇದ್ದಾರೆ.