ತೋಳ ಬಲಕ್ಕೂ ರೇಟು ಕಟ್ಟಿದ ಆಟ

ನಿನ್ನೆ ರಾತ್ರಿ ಗೆಳೆಯನ ಮನೆಯಲ್ಲಿ ಡಬ್ಲ್ಯುಡಬ್ಲ್ಯುಇ 2ಕೆ25 ಆಡಿ ಬಂದಿದ್ದೀನಿ. ಟೀವಿಯಲ್ಲಿ ಬರೋ ಅಮೆರಿಕದ ಡಬ್ಲ್ಯುಡಬ್ಲ್ಯುಇ ಕುಸ್ತಿಯ ಮೇಲೆ 2ಕೆ ಕಂಪನಿ ತರೋ ವಿಡಿಯೋ ಗೇಮ್ ಸರಣಿಯದ್ದು ಇದು. ಸಂತೋಷವೂ ಇಳಿದಿಲ್ಲ, ಸಿಟ್ಟೂ ಇಳಿದಿಲ್ಲ. ಎರಡನ್ನೂ ಹುಟ್ಟಿಸಿದ್ದು ಒಂದೇ ಆಟ. ಇಷ್ಟು ವರ್ಷ ಕಾದಿದ್ದು ಸಾರ್ಥಕ ಅಂತ ಬಾಯ್ತುಂಬ ಹೊಗಳ್ತಾ ಕೂತಿದ್ದೆ. ಅವನು ‘ದಿ ಐಲೆಂಡ್’ ಅನ್ನೋ ಭಾಗ ತೆರೆದ. ಸ್ವಲ್ಪ ಹೊತ್ತಿಗೇ ಕಂಟ್ರೋಲರ್ ಕೆಳಗಿಟ್ಟುಬಿಟ್ಟೆ.

ನನ್ನ ಈ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಟ್ರಂಪ್ ಕಾರ್ಡ್ ಹಿಡ್ಕೊಂಡು ಯಾರ ಎದೆ ಎಷ್ಟು ಇಂಚು, ಯಾರ ಬೈಸೆಪ್ಸ್ ಎಷ್ಟು ಇಂಚು ಅಂತ ಬಾಯಿಪಾಠ ಮಾಡಿದ ತಲೆಮಾರು ನಮ್ಮದು. ದಸರಾ ಬಂದರೆ ಅಪ್ಪನ ಜೊತೆ ಮೈಸೂರಿನ ದೊಡ್ಡಕೆರೆ ಮೈದಾನದ ಹತ್ತಿರ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿ, ಸಂಜೆ ಮನೆಗೆ ಬಂದರೆ ಟೀವಿಯಲ್ಲಿ ಅಂಡರ್‌ಟೇಕರ್. ಒಂದು ನಿಜವಾದ ಕುಸ್ತಿ, ಇನ್ನೊಂದು ಮೊದಲೇ ಕತೆ ಬರೆದಿಟ್ಟ ಕುಸ್ತಿ ಅನ್ನೋದು ಆಗಲೂ ಗೊತ್ತಿತ್ತು. ಎರಡರ ಮೇಲೂ ಪ್ರೀತಿ ಇತ್ತು, ಈಗಲೂ ಇದೆ. ಅದಕ್ಕೇ ಈ ಆಟದ ವಿಷಯ ‘ಗೇಮ್ ತಾನೇ, ಬಿಡು’ ಅಂತ ಬಿಡೋಕೆ ನನ್ನಿಂದ ಆಗಲ್ಲ.

ಮೊದಲು ಚೆನ್ನಾಗಿರೋದನ್ನ ಹೇಳ್ತೀನಿ, ಯಾಕಂದ್ರೆ ಅದು ಬಹಳ ಚೆನ್ನಾಗಿದೆ.

ಅಖಾಡದೊಳಗಿನ ಕುಸ್ತಿ ಇಷ್ಟು ಹದಕ್ಕೆ ಬಂದದ್ದು ನಾನು ಈ ಸರಣಿಯಲ್ಲಿ ನೋಡಿರಲಿಲ್ಲ. 2ಕೆ15ರಲ್ಲಿ ಬಂದು, 2ಕೆ22ರ ಹೊತ್ತಿಗೆ ಮಾಯವಾಗಿದ್ದ ಚೈನ್ ರೆಸ್ಲಿಂಗ್ ವಾಪಸ್ ಬಂದಿದೆ. ಪಂದ್ಯದ ಶುರುವಿನಲ್ಲಿ ಇಬ್ಬರೂ ಕುತ್ತಿಗೆಗೆ ಕೈ ಹಾಕಿ ಜಗ್ಗಾಡ್ತಾರೆ. ಅಲ್ಲಿಂದ ಹೆಡ್‌ಲಾಕ್, ತೋಳು ತಿರುಚೋದು, ಬಿಡಿಸ್ಕೊಳ್ಳೋದು, ಮತ್ತೆ ಹಿಡಿಯೋದು. ಎದುರಿನವನು ಏನು ಮಾಡ್ತಾನೆ ಅಂತ ಊಹಿಸಿ, ಕಂಟ್ರೋಲರಿನ ಕಡ್ಡಿ ತಿರುಗಿಸಿ ಸರಿಯಾದ ಜಾಗ ಹುಡುಕಬೇಕು. ಗುಂಡಿ ಮೇಲೆ ಗುಂಡಿ ಒತ್ತಿ ಹೊಡೆದು ಬೀಳಿಸೋ ಆಟಕ್ಕೂ ಕುಸ್ತಿಗೂ ಇರೋ ವ್ಯತ್ಯಾಸ ಇದೇ. ಮಟ್ಟಿಯಲ್ಲಿ ನಿಂತ ಪೈಲ್ವಾನರು ಮೊದಲು ಕೈ ಕೂಡಿಸಿ ಒಬ್ಬರ ಬಲ ಒಬ್ಬರು ಅಳೀತಾರಲ್ಲ, ಪರದೆ ಮೇಲೆ ಅದರ ನೆನಪು ಬಂತು. ಈ ಕೆಲಸ ಮಾಡಿದವರು ಕುಸ್ತಿಯನ್ನ ಕಣ್ಣಿಟ್ಟು ನೋಡಿದವರು, ಅನುಮಾನವೇ ಇಲ್ಲ.

ಗಂಡು ಹೆಣ್ಣು ಎದುರುಬದುರಾಗಿ ಆಡೋ ಅವಕಾಶವನ್ನೂ ಕೊನೆಗೂ ಕೊಟ್ಟಿದ್ದಾರೆ. ಇದನ್ನ ಎಷ್ಟು ವರ್ಷದಿಂದ ಕೇಳ್ತಿದ್ವಿ! 1999ರಲ್ಲಿ ಚೈನಾ ಅನ್ನೋ ಕುಸ್ತಿಗಾರ್ತಿ ಜೆಫ್ ಜಾರೆಟ್‌ನನ್ನ ಸೋಲಿಸಿ ಇಂಟರ್‌ಕಾಂಟಿನೆಂಟಲ್ ಚಾಂಪಿಯನ್ ಬೆಲ್ಟ್ ಎತ್ತಿದ್ದನ್ನ ಕಂಡವರಿಗೆ, 2ಕೆ ಬಂದಮೇಲೆ ಯಾಕೆ ಇದಕ್ಕೆ ಬೇಲಿ ಹಾಕಿದರು ಅಂತ ಅರ್ಥವೇ ಆಗಿರಲಿಲ್ಲ. ನಿನ್ನೆ ನಾವು ಆಡಿದ ಮೊದಲ ಪಂದ್ಯವೇ ರಿಯಾ ರಿಪ್ಲಿ ಮತ್ತು ಡಾಮಿನಿಕ್ ಮಿಸ್ಟೀರಿಯೊ. ಗೆಳೆಯನ ಹೆಂಡತಿ ರಿಯಾನ ಆಡಿಸಿದರು. ಡಾಮಿನಿಕ್ ನನ್ನ ಕೈಯಲ್ಲಿದ್ದ. ಮುಂದಿನದ್ದು ಹೇಳಬೇಕಿಲ್ಲ.

ಹಳೆ ಪಂದ್ಯಗಳನ್ನ ಮತ್ತೆ ಆಡಿಸೋ ಶೋಕೇಸ್ ಭಾಗವನ್ನ ಈ ಸಲ ಡಬ್ಲ್ಯುಡಬ್ಲ್ಯುಇ ತಾರೆ ರೋಮನ್ ರೇನ್ಸ್‌ನ ಬಳಗವಾದ ಬ್ಲಡ್‌ಲೈನ್‌ಗೆ ಮೀಸಲಿಟ್ಟಿದ್ದಾರೆ. ರೋಮನ್ ರೇನ್ಸ್ ಅಪ್ಪ ಸಿಕಾ, ದೊಡ್ಡಪ್ಪ ಅಫಾ ಇಬ್ಬರ ವೈಲ್ಡ್ ಸಮೋವನ್ಸ್ ಜೋಡಿಯಿಂದ ಹಿಡಿದು ಯೋಕೊಝುನಾ, ರಿಕಿಶಿ, ಉಮಾಗಾ, ಊಸೊ ಅಣ್ಣತಮ್ಮಂದಿರ ತನಕ ಒಂದು ಮನೆತನದ ಕತೆ, ಅದನ್ನ ಹೇಳೋದು ಕುಸ್ತಿಪಟುಗಳ ಪರವಾಗಿ ಮೈಕ್ ಹಿಡಿಯೋ ಮ್ಯಾನೇಜರ್ ಪಾಲ್ ಹೇಮನ್. ಆತ ಬಾಯಿ ತೆರೆದರೆ ಕೇಳ್ತಾ ಕೂರಬೇಕು ಅನ್ಸತ್ತೆ. ನಡೆದ ಪಂದ್ಯವನ್ನ ನಡೆದ ಹಾಗೇ ಆಡಬಹುದು, ಕೆಲವು ಕಡೆ ಫಲಿತಾಂಶ ತಿರುಗಿಸಬಹುದು, ಯಾವತ್ತೂ ನಡೆಯದ ಪಂದ್ಯವನ್ನೂ ನಡೆಸಬಹುದು. ಮೈಜಿಎಂ ಅನ್ನೋ ಮ್ಯಾನೇಜರ್ ಆಟವನ್ನ ಬೇರೆಬೇರೆ ಊರಲ್ಲಿರೋ ನಾಲ್ಕು ಜನ ಆನ್‌ಲೈನ್‌ನಲ್ಲಿ ಸೇರಿ ಆಡಬಹುದು. ಇಷ್ಟೆಲ್ಲ ಕೊಟ್ಟಿದ್ದಾರೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪೋಸ್ಟ್ ಪೂರ್ತಿ ಹೊಗಳಿಕೆಯೇ ಆಗಿರ್ತಿತ್ತು.

ನಿಲ್ಲಿಸಲಿಲ್ಲ. ದ್ವೀಪ ಕಟ್ಟಿದರು.

ರೋಮನ್ ರೇನ್ಸ್ ತನ್ನ ದ್ವೀಪಕ್ಕೆ ಕರೆದಿದ್ದಾನೆ, ಅಲ್ಲಿ ಹೆಸರು ಮಾಡಿದವನಿಗೆ ಕಾಂಟ್ರಾಕ್ಟ್ ಸಿಗತ್ತೆ ಅನ್ನೋದು ದಿ ಐಲೆಂಡ್‌ನ ಕತೆ. ನಿಮ್ಮದೇ ಒಬ್ಬ ಕುಸ್ತಿಪಟುವನ್ನ ಮಾಡಿಕೊಂಡು ಅಲ್ಲಿ ಓಡಾಡಬೇಕು, ಬೇರೆ ಆಟಗಾರರ ಎದುರು ಕಾದಬೇಕು. ಕಲ್ಪನೆ ಚೆನ್ನಾಗಿದೆ. ಆದರೆ ನಿಮ್ಮವನು ಬರೋದು ಬಲಹೀನನಾಗಿ. ಬಲ, ವೇಗ, ದಮ್ಮು ಎಲ್ಲವನ್ನೂ ವಿಸಿ ಅನ್ನೋ ಆಟದ ನಾಣ್ಯ ಕೊಟ್ಟು ಏರಿಸ್ಕೋಬೇಕು. ಆ ನಾಣ್ಯ ಆಡಿದರೆ ನಿಧಾನಕ್ಕೆ ಬರತ್ತೆ, ಅಸಲಿ ದುಡ್ಡು ಕೊಟ್ಟರೆ ತಕ್ಷಣ ಬರತ್ತೆ. ಹಾಕಿಕೊಳ್ಳೋ ಬಟ್ಟೆಗೂ ಅದೇ ನಾಣ್ಯ. ನೀವು ಹೊಸದಾಗಿ ಒಳಗೆ ಕಾಲಿಟ್ಟಾಗ ಎದುರಿಗೆ ನಿಂತವನು ಕಲಿತು ಗಟ್ಟಿಯಾದವನೋ, ಕಾರ್ಡ್ ಉಜ್ಜಿ ಗಟ್ಟಿಯಾದವನೋ ನಿಮಗೆ ತಿಳಿಯಲ್ಲ. ಏಟು ಮಾತ್ರ ಒಂದೇ ಥರ ಬೀಳತ್ತೆ.

ದಸರಾ ಕುಸ್ತಿಗೆ ಟಿಕೆಟ್ ತಗೊಂಡು ಒಳಗೆ ಹೋಗಿದ್ದೀರಿ ಅಂದುಕೊಳ್ಳಿ. ನಿಮ್ಮೂರ ಹುಡುಗ ಮಟ್ಟಿಗೆ ಇಳಿಯೋ ಹೊತ್ತಿಗೆ ಒಬ್ಬ ಬಂದು ‘ಇವನ ತೋಳಿಗೆ ಬಲ ಬೇಕಾದರೆ ಇನ್ನಿಷ್ಟು ಕೊಡಿ, ತೊಡೆಗೆ ಬೇರೆ ರೇಟು’ ಅಂದರೆ ಹೇಗಿರತ್ತೆ? ಅಲ್ಲಿ ಜನ ಸುಮ್ಮನೆ ಕೂರ್ತಾರಾ? ಇಲ್ಲಿ ಮಾತ್ರ ನಾವು ಯಾಕೆ ಸುಮ್ಮನೆ ಕೂರಬೇಕು? ಬಂದಾಗ 69.99 ಡಾಲರ್‌ನ ಆಟ ಇದು. ದುಬಾರಿ ಆವೃತ್ತಿಗಳಾದ ಡೆಡ್‌ಮ್ಯಾನ್ ಎಡಿಷನ್ 99.99, ಬ್ಲಡ್‌ಲೈನ್ ಎಡಿಷನ್ 129.99. ಬಿಟ್ಟಿ ಆಟ ಕೊಟ್ಟು ಒಳಗೆ ಅಂಗಡಿ ಇಟ್ಟಿದ್ದರೆ ಒಂದು ನ್ಯಾಯ. ಪೂರ್ತಿ ಬೆಲೆ ಎಣಿಸಿಕೊಂಡು ಒಳಗೂ ಅಂಗಡಿ ಇಡೋದು ಯಾವ ನ್ಯಾಯ?

ಇದೇನು ಆಕಾಶದಿಂದ ಉದುರಿದ್ದಲ್ಲ. ಇದನ್ನ ಮಾಡಿರೋ ವಿಷುಯಲ್ ಕಾನ್ಸೆಪ್ಟ್ಸ್‌ನವರೇ ಎನ್‌ಬಿಎ 2ಕೆ ಮಾಡೋದು. ಆ ಬಾಸ್ಕೆಟ್‌ಬಾಲ್ ಆಟದಲ್ಲಿ ಇಂಥದ್ದೇ ಪೇಟೆ ಕಟ್ಟಿ ವರ್ಷಗಳಾಯ್ತು, ವಿಸಿ ಬಗ್ಗೆ ಅಲ್ಲಿನ ಅಭಿಮಾನಿಗಳು ವರ್ಷಾವರ್ಷ ಬೈತಾನೇ ಇದ್ದಾರೆ. ಅದೇ ಗೋಳು ಈಗ ನಮ್ಮ ಮನೆಗೆ ಬಂದಿದೆ. ಪಿಸಿಯಲ್ಲಿ ಆಡೋರಿಗೆ ದ್ವೀಪವೇ ಇಲ್ಲ, ಹಳೆ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ನವರಿಗೂ ಇಲ್ಲ. ಈ ಆಟದ ದೊಡ್ಡ ಆಕರ್ಷಣೆ ಅಂತ ಸಾರಿದ್ದೇ ಇದನ್ನ, ಅರ್ಧ ಜನಕ್ಕೆ ಅದರ ಬಾಗಿಲೇ ಇಲ್ಲ.

‘ಇಷ್ಟ ಇಲ್ಲದಿದ್ದರೆ ದ್ವೀಪಕ್ಕೆ ಹೋಗಬೇಡ, ಉಳಿದದ್ದು ಆಡು’ ಅಂತ ಗೆಳೆಯ ನಿನ್ನೆಯೇ ಅಂದ. ಕಾಮೆಂಟಿನಲ್ಲಿ ನೀವೂ ಅಂತೀರಿ. ಮಾತು ಸರಿ ಇದೆ ಅನ್ಸತ್ತೆ, ಸ್ವಲ್ಪ ಯೋಚಿಸಿ ನೋಡಿ. ಒಂದು ತಂಡಕ್ಕೆ ವರ್ಷಕ್ಕೆ ಇರೋದು ಅಷ್ಟೇ ಜನ, ಅಷ್ಟೇ ತಿಂಗಳು. ದ್ವೀಪ ಕಟ್ಟೋಕೆ ಹೋದ ಕೈಗಳು ಬೇರೆ ಎಲ್ಲಿಗೋ ಹೋಗಲಿಲ್ಲ. ನಮಗೆ ಬೇಕಾದ ಹಾಗೆ ಶೋ, ಪಂದ್ಯ ಜೋಡಿಸೋ ಯೂನಿವರ್ಸ್ ಮೋಡ್‌ಗೆ ಪ್ರೋಮೊ, ಅಂದ್ರೆ ಮೈಕ್ ಹಿಡಿದು ಸವಾಲು ಹಾಕೋದು, ವಾಪಸ್ ಬಂದದ್ದು ಬಿಟ್ಟರೆ ಅದು ಇವತ್ತಿಗೂ ಮಲತಾಯಿ ಮಗುವೇ. ಇಬ್ಬಿಬ್ಬರು ಜೋಡಿಯಾಗಿ ಆಡೋ ಟ್ಯಾಗ್ ಪಂದ್ಯದಲ್ಲಿ ಕಂಪ್ಯೂಟರ್ ಆಡಿಸೋ ಜೊತೆಗಾರ ನಮ್ಮವನು ಚಿತ್ ಆಗ್ತಿದ್ದರೂ ನೋಡ್ತಾ ನಿಂತಿರ್ತಾನೆ. ಕಾಮೆಂಟರಿ ಸ್ವಲ್ಪ ಹೊತ್ತಿಗೇ ಹೇಳಿದ್ದನ್ನೇ ಹೇಳೋಕೆ ಶುರು ಮಾಡತ್ತೆ. ದ್ವೀಪದ ಅಂಗಡಿಗಳಲ್ಲಿ ಮಾತ್ರ ದೀಪ ಜಗಮಗ.

ಅಂಗಡಿ ದ್ವೀಪದೊಳಗೇ ನಿಂತಿದ್ದರೂ ಒಂದು ಮಾತಿತ್ತು. ಸ್ಟೆಫನಿ ವಕೇರ್, ಜೂಲಿಯಾ ಅನ್ನೋ ಇಬ್ಬರು ಕುಸ್ತಿಗಾರ್ತಿಯರ ಕತೆ ಕೇಳಿ. 2025ರ ಮಾರ್ಚ್ 11ರಂದು ನ್ಯೂಯಾರ್ಕಿನಲ್ಲಿ ಡಬ್ಲ್ಯುಡಬ್ಲ್ಯುಇಯ ಹೊಸಬರ ವಿಭಾಗವಾದ ಎನ್‌ಎಕ್ಸ್‌ಟಿಯ ರೋಡ್‌ಬ್ಲಾಕ್ ಅನ್ನೋ ಶೋ ನಡೀತು. ಎರಡು ಬೆಲ್ಟ್ ಪಣಕ್ಕಿಟ್ಟು ಇವರಿಬ್ಬರೂ ಕಾದಾಡಿದರು, ವಕೇರ್ ಗೆದ್ದು ಎರಡನ್ನೂ ಹೊತ್ತುಕೊಂಡು ಹೋದಳು. ಮೂರು ದಿನ ಬಿಟ್ಟು, ಮಾರ್ಚ್ 14ಕ್ಕೆ ಈ ಆಟ ಬಂತು. ಮುನ್ನೂರಕ್ಕೂ ಹೆಚ್ಚು ಜನ ಇದ್ದಾರೆ ಅಂತ ಎದೆ ತಟ್ಟಿಕೊಂಡ ಪಟ್ಟಿಯಲ್ಲಿ ಇವರಿಬ್ಬರೂ ಇಲ್ಲ. ಆಮೇಲೆ ಬೇರೆ ದುಡ್ಡು ಕೊಟ್ಟು ಕೊಳ್ಳೋ ನ್ಯೂ ವೇವ್ ಪ್ಯಾಕ್‌ನಲ್ಲಿದ್ದಾರೆ. ಸಮಯ ಸಾಲಲಿಲ್ಲ ಅನ್ನಬಹುದು. ಹಾಗಾದರೆ ಮಾಡಿ ಮುಗಿಸಿದ ಮೇಲೆ ಆಟ ಕೊಂಡವರಿಗೆ ಸುಮ್ಮನೆ ಕೊಡಬಹುದಿತ್ತಲ್ಲ? ನನಗೆ ತುಂಬಾ ನೋವಾದದ್ದು ಇಲ್ಲೇ. ಆ ಪಂದ್ಯ ನೋಡಿ ಮೈಯೆಲ್ಲ ಜುಮ್ಮೆಂದು ಕೂತಿದ್ದ ಅಭಿಮಾನಿ ಅದೇ ಪಂದ್ಯವನ್ನ ತಾನೂ ಆಡೋಣ ಅಂತ ಬಂದರೆ ಇನ್ನೊಂದು ಬಿಲ್ಲು.

ಈ ಆಟಗಳಲ್ಲಿ ಅಂಗಡಿ ಹೊಸದಲ್ಲ. 2003ರ ‘ಹಿಯರ್ ಕಮ್ಸ್ ದ ಪೇನ್’ ನೆನಪಿದೆಯಾ? ಪಿಎಸ್2, ಜಪಾನಿನ ಯೂಕ್ಸ್‌ನವರು ಮಾಡಿದ್ದು. ಅದರಲ್ಲೂ ಶಾಪ್‌ಝೋನ್ ಅಂತ ಒಂದು ಅಂಗಡಿ ಇತ್ತು. ಸೀಸನ್ ಆಡಿ ಗಳಿಸಿದ ದುಡ್ಡಲ್ಲಿ ರಾಡಿ ಪೈಪರ್, ಜಿಮ್ಮಿ ಸ್ನೂಕಾ ಥರದ ಹಳೆ ದಿಗ್ಗಜರನ್ನ ಅಲ್ಲಿಂದ ಕರೆತರಬೇಕಿತ್ತು. ರಜೆಯೆಲ್ಲ ಅದರಲ್ಲೇ ಕಳೀತು. ಆ ಅಂಗಡಿಗೆ ಹೊರಗಿನ ದುಡ್ಡು ನಡೀತಿರಲಿಲ್ಲ. ಸಾಹುಕಾರನ ಮಗನೂ ಅಷ್ಟೇ ಪಂದ್ಯ ಆಡಬೇಕಿತ್ತು, ನಾನೂ ಅಷ್ಟೇ ಆಡಬೇಕಿತ್ತು. ಹಳೇದರ ಮೋಹದಿಂದ ಹೇಳ್ತಿಲ್ಲ, ಇವತ್ತಿನ ಕುಸ್ತಿಯೇ ಅದಕ್ಕಿಂತ ಚೆನ್ನಾಗಿದೆ ಅಂತ ಮೇಲೆಯೇ ಬರೆದಿದ್ದೀನಿ. ಅಂಗಡಿಯ ಧರ್ಮ ಮಾತ್ರ ಅವತ್ತಿನದೇ ಸರಿಯಿತ್ತು.

ಇನ್ನೊಂದು ವಿಷಯ ಹೊಸದಾಗಿ ಕೊಳ್ಳೋರಿಗೆ ಯಾರೂ ಹೇಳಲ್ಲ. ಈ ಆಟಗಳ ಸರ್ವರ್ ಶಾಶ್ವತ ಅಲ್ಲ. 2022ರ ಮಾರ್ಚ್‌ನಲ್ಲಿ ಬಂದ 2ಕೆ22ರ ಸರ್ವರ್‌ಗಳನ್ನ 2024ರ ಆರಂಭದಲ್ಲೇ ಮುಚ್ಚಿದರು. ಎರಡು ವರ್ಷವೂ ತುಂಬಿರಲಿಲ್ಲ. ದ್ವೀಪ ಪೂರ್ತಿ ನಿಂತಿರೋದೇ ಸರ್ವರ್ ಮೇಲೆ. ಅದು ಮುಚ್ಚಿದ ದಿನ ನೀವು ದುಡ್ಡು ಕೊಟ್ಟು ತೋಳಿಗೆ ತುಂಬಿದ ಬಲ, ಹಾಕಿಸಿದ ಬಟ್ಟೆ ಯಾವುದೂ ಕೈಗೆ ಸಿಗಲ್ಲ. ಟ್ರಂಪ್ ಕಾರ್ಡ್ ಇವತ್ತಿಗೂ ನನ್ನ ಮೇಜಿನ ಡ್ರಾದಲ್ಲಿವೆ.

2ಕೆ20 ಬಂದಾಗ ಆದ ಅವಾಂತರ ನಿಮಗೆ ನೆನಪಿರಬೇಕು. ಯೂಕ್ಸ್ ಬಿಟ್ಟು ಹೋದ ಮೇಲೆ 2019ರಲ್ಲಿ ಬಂದ ಆಟ. ಮುಖಗಳು ಕರಗ್ತಿದ್ದವು, ಕುಸ್ತಿಪಟುಗಳು ಗಾಳಿಯಲ್ಲಿ ಸಿಕ್ಕಿಹಾಕಿಕೊಳ್ತಿದ್ದರು. ಅಭಿಮಾನಿಗಳು ಎಷ್ಟು ಬೈದರು ಅಂದ್ರೆ ಮರುವರ್ಷ 2ಕೆ21ನ್ನೇ ಕೈಬಿಟ್ಟರು, ಸಮಯ ತಗೊಂಡು 2ಕೆ22ನ್ನ ನೆಟ್ಟಗೆ ಮಾಡಿದರು. ಅಲ್ಲಿಂದ ವರ್ಷಾವರ್ಷ ಸುಧಾರಿಸ್ತಾ ಇವತ್ತಿನ ಈ ಚಂದದ ಕುಸ್ತಿಗೆ ಬಂದು ಮುಟ್ಟಿದ್ದಾರೆ. ಬೈದದ್ದಕ್ಕೆ ಫಲ ಸಿಕ್ಕಿತ್ತು. ಅದಕ್ಕೇ ಈಗಲೂ ಬೈತಿದ್ದೀನಿ, ನೀವೂ ದನಿಗೂಡಿಸಿ ಅಂತ ಕೇಳ್ತಿದ್ದೀನಿ.

ಕೊಳ್ಳಬೇಕಾ ಅಂತ ಇನ್‌ಬಾಕ್ಸ್‌ನಲ್ಲಿ ಕೇಳಿದವರಿಗೆ: ಕೊಳ್ಳಿ, ಸಾಧಾರಣ ಎಡಿಷನ್ನೇ ಕೊಳ್ಳಿ. ಮನೆಯಲ್ಲಿ ನಾಲ್ಕು ಜನ ಕೂತು ಆಡಿ, ಶೋಕೇಸ್ ಆಡಿ, ನಿಮ್ಮದೇ ಪೈಲ್ವಾನನ್ನ ಮಾಡಿ ನೋಡಿ. ಮೈಸೂರಿನ ಗರಡಿಯವನೊಬ್ಬನನ್ನ ಕಟ್ಟುಮಸ್ತಾಗಿ ಮಾಡಿ ಸಿಎಂ ಪಂಕ್ ಎದುರು ನಿಲ್ಲಿಸೋದು ನನ್ನ ಈ ವಾರದ ಕೆಲಸ. ವಿಸಿಗೆ ಮಾತ್ರ ಒಂದು ಪೈಸೆ ಕೊಡಬೇಡಿ, ಮನೆಯಲ್ಲಿ ಮಕ್ಕಳು ಆಡೋದಾದರೆ ಕಾರ್ಡ್ ವಿವರವನ್ನ ಕನ್ಸೋಲ್‌ನಲ್ಲಿ ಉಳಿಸಬೇಡಿ.

ಮೈಜಿಎಂಗೆ ಇನ್ನೂ ಇಬ್ಬರು ಬೇಕಾಗಿದ್ದಾರೆ, ಭಾನುವಾರ ರಾತ್ರಿ ಊಟ ಆದ ಮೇಲೆ ಶುರು ಮಾಡೋಣ. ಡಬ್ಲ್ಯುಡಬ್ಲ್ಯುಇ ಶೋಗಳಲ್ಲಿ ‘ರಾ’ ಬ್ರ್ಯಾಂಡ್ ನನಗೆ, ಅದನ್ನ ಈಗಲೇ ಹೇಳಿರ್ತೀನಿ.