ಕುದುರೆಮುಖದ ಖಾಲಿ ಮನೆಗಳು ಖಾಲಿಯಾಗಿಯೇ ಇರಲಿ

ನಾನು ಬೆಳೆದ ಊರಿನಲ್ಲಿ ಮನೆಗಳಿವೆ, ಜನ ಇಲ್ಲ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ. ಅಪ್ಪ ಅಲ್ಲಿ ಕಬ್ಬಿಣದ ಅದಿರಿನ ಗಣಿ ಕಂಪನಿಯಲ್ಲಿ ಕೆಲಸಕ್ಕಿದ್ದರು. ಆ ಖಾಲಿ ಕ್ವಾರ್ಟರ್ಸ್‌ಗಳನ್ನು ರಿಪೇರಿ ಮಾಡಿ ಪ್ರವಾಸಿಗರಿಗೆ ಕೊಡಬೇಕು, ರೆಸಾರ್ಟ್ ಮಾಡಬೇಕು ಅನ್ನೋ ಮಾತು ಆಗಾಗ ಕೇಳಿಬರುತ್ತದೆ. ಅಲ್ಲೇ ಬೆಳೆದ ಗೆಳತಿಯರೂ "ಊರು ಮತ್ತೆ ಜೀವ ಪಡೆಯುತ್ತೆ, ಒಳ್ಳೇದೇ ಅಲ್ವಾ" ಅನ್ನುತ್ತಾರೆ. ನನಗೆ ಬೇಡ ಅನ್ನಿಸುತ್ತದೆ. ಈ ಸಲ ಹೋಗಿ ನೋಡಿದ ಮೇಲಂತೂ ಇನ್ನೂ ಗಟ್ಟಿಯಾಗಿ ಅನ್ನಿಸಿದೆ.

ದಸರಾ ರಜೆಯಲ್ಲಿ ಊರೆಲ್ಲ ಮೈಸೂರಿಗೆ ಬರುವಾಗ ನಾವು ಹೊರಗೆ ಹೊರಟೆವು. ನಮ್ಮನೆಯವರದು ಡ್ರೈವಿಂಗ್, ಅಪ್ಪ ಮುಂದಿನ ಸೀಟು, ಹಿಂದೆ ನಾನು, ಅಮ್ಮ, ಮಗಳು. ಬಿಳಿಕೆರೆ, ಕೆ.ಆರ್. ನಗರ ದಾಟಿ ಹೊಳೆನರಸೀಪುರದಲ್ಲಿ ಹೇಮಾವತಿ ಸಿಕ್ಕಿತು. ಹಾಸನ, ಬೇಲೂರು, ಮೂಡಿಗೆರೆ ಆಗಿ ಕೊಟ್ಟಿಗೆಹಾರದಲ್ಲಿ ನೀರುದೋಸೆ. ಆ ಸೀಮೆಯ ಜಾವಳಿಯಲ್ಲೇ ಹೇಮಾವತಿ ಹುಟ್ಟುವುದು. ಬೆಳಿಗ್ಗೆ ನೋಡಿದ ಹೊಳೆ ಇಲ್ಲಿಂದ ಹೊರಟು ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿ ಸೇರುತ್ತೆ ಅಂತ ಮಗಳಿಗೆ ಹೇಳಿದೆ. "ಹಾಗಾದ್ರೆ ನಮ್ಮ ಮನೆ ನಲ್ಲಿಗೂ ಇಲ್ಲಿಯ ನೀರು ಬರುತ್ತಾ?" ಅಂತ ಕೇಳಿದಳು. ಹೌದು ಮಗಳೇ, ಬರುತ್ತೆ.

ಕಳಸ ದಾಟಿ ಸಂಸೆಯ ಟೀ ತೋಟ ಬರುವ ಹೊತ್ತಿಗೆ ಅಪ್ಪ ಮಾತು ನಿಲ್ಲಿಸಿದ್ದರು.

ಅಪ್ಪ ಮಂಡ್ಯ ಕಡೆಯ ಹಳ್ಳಿಯವರು. ಕಬ್ಬಿನ ಗದ್ದೆ, ನಾಲೆ ನೀರು ನೋಡಿ ಬೆಳೆದವರು. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಮೈಸೂರಿನಲ್ಲಿ ಬೀಳುವುದು ಅದರ ಎಂಟರಲ್ಲಿ ಒಂದು ಪಾಲು ಇರಬಹುದು. ಶಾಲೆ ಯೂನಿಫಾರ್ಮ್ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿದ್ದೇ ಇಲ್ಲ, ಅಮ್ಮ ಇಸ್ತ್ರಿ ಪೆಟ್ಟಿಗೆಯಲ್ಲೇ ಒಣಗಿಸಿ ತೊಡಿಸುತ್ತಿದ್ದರು. ಜಿಗಣೆಗೆ ಅಂತ ಬಾಗಿಲ ಹತ್ತಿರ ಸದಾ ಒಂದು ಡಬ್ಬಿ ಉಪ್ಪು ಇರುತ್ತಿತ್ತು.

ಕಂಪನಿ ಶುರುವಾಗಿದ್ದು 1976ರಲ್ಲಿ, ಇರಾನ್‌ಗೆ ಅದಿರು ಕಳಿಸುವ ಒಪ್ಪಂದದ ಮೇಲೆ. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಕೊಳ್ಳುವವರೇ ಇಲ್ಲವಾದರು. ಆದರೂ ಗಣಿ ನಡೆಯಿತು. ಬೆಟ್ಟದ ಕಲ್ಲು ಪುಡಿ ಮಾಡಿ, ಕಬ್ಬಿಣದ ಅಂಶ ಬೇರ್ಪಡಿಸಿ, ನೀರಿಗೆ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಬಿಡುತ್ತಿದ್ದರು. ಉಳಿದ ಹೂಳೆಲ್ಲ ಲಖ್ಯಾ ಅಣೆಕಟ್ಟಿಗೆ. ಇದನ್ನೆಲ್ಲ ಹೇಳುವಾಗ ಅಪ್ಪನ ದನಿಯಲ್ಲಿ ಇವತ್ತಿಗೂ ಹೆಮ್ಮೆ ಇದೆ. ಆ ಮಳೆಯಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಆ ಹೆಮ್ಮೆ ಸಲ್ಲಬೇಕು ಕೂಡ.

ಆದರೆ ಮಳೆಗಾಲದಲ್ಲಿ ಭದ್ರೆ ಕೆಂಪಗೆ ಹರಿಯುತ್ತಿದ್ದಳು. ಹೊಳೆ ಅಂದರೆ ಅದೇ ಬಣ್ಣ ಅಂತ ಮಕ್ಕಳಾದ ನಮಗೆ ಗೊತ್ತಿದ್ದದ್ದು. ಮೇಲುಮಣ್ಣು ತೆಗೆದ ಬೆಟ್ಟದ ಮೇಲೆ ಅಷ್ಟು ಮಳೆ ಬಿದ್ದರೆ ಮಣ್ಣು ಇನ್ನೆಲ್ಲಿಗೆ ಹೋಗಬೇಕು? ಆ ನೀರನ್ನೇ ನಂಬಿಕೊಂಡು ಕೆಳಗೆ ಭದ್ರಾವತಿ, ದಾವಣಗೆರೆ ಕಡೆಯ ರೈತರಿದ್ದಾರೆ. ಸುತ್ತಲಿನ ಕಾಡನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದ ಮೇಲೂ ಗಣಿ ನಡೆಯುತ್ತಲೇ ಇತ್ತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2005ರ ಕೊನೆಗೆ ಗಣಿ ನಿಲ್ಲಬೇಕು ಅಂತ 2002ರಲ್ಲಿ ತೀರ್ಪು ಬಂತು. ನಮ್ಮ ಕ್ವಾರ್ಟರ್ಸ್‌ಗಳಲ್ಲಿ ಅವರ ಹೆಸರು ಎತ್ತಿದರೆ ಜನ ಸಿಡಿದೇಳುತ್ತಿದ್ದರು. ಅಪ್ಪ ನಿವೃತ್ತಿ ತಗೊಂಡು ಮೈಸೂರಿಗೆ ಬಂದರು. ಗುತ್ತಿಗೆ ಕೆಲಸದವರು, ಸಣ್ಣ ಅಂಗಡಿ ಇಟ್ಟವರು ಎಲ್ಲೆಲ್ಲಿ ಹೋದರೋ. ಅವರನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈ ಸಲ ರಸ್ತೆ ಬದಿಯಿಂದಲೇ ನೋಡಿದೆವು. ಗೋಡೆಗೆ ಪಾಚಿ, ಸೂರಿನ ಮೇಲೆ ಗಿಡ, ಕಿಟಕಿಯೊಳಗಿಂದ ಬಳ್ಳಿ ಹೊರಗೆ ಬಂದಿದೆ. ಅಮ್ಮ ಬಹಳ ಹೊತ್ತು ನಿಂತರು. "ಇಷ್ಟು ಬೇಗ ತಗೊಂಡುಬಿಡ್ತಲ್ಲೇ ಕಾಡು" ಅಂದರು. ಅವರ ಮುಖದಲ್ಲಿ ದುಃಖ ಇರಲಿಲ್ಲ, ಬೆರಗಿತ್ತು. ಮಳೆ ಆಗಷ್ಟೇ ಕಡಿಮೆಯಾಗಿತ್ತು, ಆದರೂ ಭದ್ರೆಯ ತಳದ ಕಲ್ಲು ಕಾಣುತ್ತಿತ್ತು. ಮೊದಲೆಲ್ಲ ಮಳೆ ನಿಂತು ಎಷ್ಟೋ ದಿನ ಆದರೂ ಕೆಂಪು ಇಳಿಯುತ್ತಿರಲಿಲ್ಲ. ಇದನ್ನು ಹೇಳಿದವರು ಅಪ್ಪನೇ.

ಇಷ್ಟು ಕಷ್ಟಪಟ್ಟು, ಇಷ್ಟು ಜನರ ಅನ್ನ ಕಿತ್ತುಕೊಂಡು ಕಾಡಿಗೆ ಬಿಟ್ಟುಕೊಟ್ಟ ಜಾಗ ಅದು. ಈಗ ಅಲ್ಲಿ ವಾರಾಂತ್ಯದ ಮಜಕ್ಕೆ ರೂಮು ಕಟ್ಟುವುದು ಯಾವ ನ್ಯಾಯ? ಹೇಗೂ ರಸ್ತೆ ಇದೆ, ಕಟ್ಟಡ ಇದೆ ಅನ್ನುತ್ತಾರೆ. ಮುಳ್ಳಯ್ಯನಗಿರಿಯಲ್ಲಿ ಭಾನುವಾರ ನಿಂತ ಕಾರುಗಳ ಸಾಲು ನೋಡಿದವರು ಹೀಗೆ ಹೇಳಬಾರದು. ರೂಮು ಬಂದರೆ ರಾತ್ರಿಯೆಲ್ಲ ದೀಪ, ಜನರೇಟರ್, ಪ್ಲಾಸ್ಟಿಕ್, ಚರಂಡಿ ನೀರು ಎಲ್ಲ ಬರುತ್ತವೆ. ಸಿಂಗಳೀಕ ಉಳಿದಿರುವ ಕೆಲವೇ ಕಾಡುಗಳಲ್ಲಿ ಅದೂ ಒಂದು. ಕೂಲಿಯವನ ಹೊಟ್ಟೆಪಾಡಿಗೆ ಬಿಡದ ಕಾಡನ್ನು ಪ್ರವಾಸಿಗನ ಮೋಜಿಗೆ ಬಿಟ್ಟರೆ, ಅಂದು ಊರು ಬಿಟ್ಟವರಿಗೆ ಮೋಸ ಮಾಡಿದ ಹಾಗೆ. ನಮ್ಮ ಕಡೆ, ಕೆ.ಆರ್.ಎಸ್. ಹತ್ತಿರದ ಬೇಬಿ ಬೆಟ್ಟದ ಕಲ್ಲು ಕ್ವಾರಿ ಜಗಳದಲ್ಲೂ ಕೂಲಿಯವರ ಕಷ್ಟವನ್ನೇ ಮುಂದಿಡುತ್ತಾರೆ. ಅವರಿಗೆ ಬೇರೆ ಕೆಲಸ ಕೊಡುವ ಮಾತು ಮಾತ್ರ ಯಾರೂ ಗಟ್ಟಿಯಾಗಿ ಎತ್ತುವುದಿಲ್ಲ.

ಆ ಜಾಗದಲ್ಲಿ ಹಣ ಹಾಕಬೇಕಿದ್ದರೆ ಲಖ್ಯಾ ಅಣೆಕಟ್ಟಿಗೆ ಹಾಕಲಿ. ಅಷ್ಟು ವರ್ಷದ ಹೂಳು ಅಲ್ಲೇ ನಿಂತಿದೆ, ಅದರ ಮೇಲೂ ಪ್ರತಿ ವರ್ಷ ಅದೇ ಮಳೆ. ತಪಾಸಣೆ ಮಾಡಿದ ವರದಿ ಕೆಳಗಿನ ಊರಿನವರಿಗೆ ಓದಲು ಸಿಗಬೇಕು, ಕನ್ನಡದಲ್ಲಿ.

ಅಪ್ಪ ಇದನ್ನೆಲ್ಲ ಪೂರ್ತಿ ಒಪ್ಪುವುದಿಲ್ಲ. ಗಣಿಯನ್ನು ಚಿಕ್ಕದು ಮಾಡಿ ನಡೆಸಬಹುದಿತ್ತು ಅಂತ ವಾಪಸ್ ಬರುವಾಗ ಹಾಸನದವರೆಗೂ ವಾದ ಮಾಡಿದರು. ರೆಸಾರ್ಟ್ ವಿಷಯದಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಮಾತು.

ಅಲ್ಲಿ ಕೆಲಸ ಮಾಡಿದವರ, ಅದರಲ್ಲೂ ಗುತ್ತಿಗೆಯವರ ಫೋಟೊ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ. ಯಾರು ಯಾರು ಅಂತ ಅಪ್ಪ ಗುರುತು ಹಿಡಿಯುತ್ತಾರೆ. ಹೆಸರು ಬರೆದಿಡುವ ಕೆಲಸ ನಾನು ಮಾಡುತ್ತೇನೆ.